ಸಡಿಲಾದ ಕಾಲ್ಮರಿ

ಕಳೆದ ಸಲ ಊರಿಗೆ ಹೋದಾಗ ಅಟ್ಟದ ಮೇಲೆ ಬೀಜದ ಡಬ್ಬಿಗಳ ಹಿಂದೆ ನಮ್ಮ ಮುತ್ಯಾನ ಕಾಲ್ಮರಿ ಸಿಕ್ಕವು. (ದಕ್ಷಿಣದ ಗೆಳೆಯರಿಗೆ: ನಮ್ಮ ಕಡೆ ಮುತ್ಯಾ ಅಂದರೆ ಅಜ್ಜ, ಆಯಿ ಅಂದರೆ ಅಜ್ಜಿ, ಕಾಲ್ಮರಿ ಅಂದರೆ ಚಪ್ಪಲಿ.) ಮುತ್ಯಾ ಹೋಗಿ ಇಪ್ಪತ್ತು ವರ್ಷವಾಯಿತು. ಧೂಳು ಹಿಡಿದು ಕಟ್ಟಿಗೆಯಂತಾಗಿದ್ದ ಆ ಜೋಡಿಯ ಮೇಲೆ ಅವರ ಹಿಮ್ಮಡಿಯ ಗುಳಿ ಇನ್ನೂ ಹಾಗೇ ಇತ್ತು. ಮೆಟ್ಟಿ ನೋಡಿದೆ. ಉಂಗುಟದಲ್ಲಿ ಹೆಬ್ಬೆರಳಿನ ಜೊತೆ ಇನ್ನೊಂದು ಬೆರಳಿಗೂ ಜಾಗ! ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಬಲಗಾಲಿನದು ಜಾರಿ ಮುಂದೆ ಹೋಯಿತು, ನಾನು ಹಿಂದೆ ಉಳಿದೆ.

ಹೊಸ ಕೊಲ್ಹಾಪುರಿ ಕೊಳ್ಳಬಹುದಿತ್ತು ನಿಜ. ಆದರೆ ತಿಂಗಳ ಕೊನೆ, ಮೇಲೆ ಇಎಂಐ. ಅಲ್ಲದೆ ನನಗೆ ಇವೇ ಬೇಕಿತ್ತು.

ಡೆನ್ವರ್‌ನಲ್ಲಿರುವ ನನ್ನ ಹಳೆಯ ರೂಮ್‌ಮೇಟ್‌ಗೆ ಫೋಟೋ ಕಳಿಸಿದರೆ ಅವನದೂ ಅದೇ ಗೋಳು. ಹಿಮದ ಮೇಲೆ ಜಾರುವ ಆಟಕ್ಕೆ ಸೆಕೆಂಡ್ ಹ್ಯಾಂಡ್ ಸ್ಕೀ ಬೂಟು ತಗೊಂಡಿದ್ದಾನೆ, ಅವೂ ಸಡಿಲ. ಸ್ಕೀ ಬೂಟಿನ ಹೊರಗೆ ಗಟ್ಟಿ ಪ್ಲಾಸ್ಟಿಕ್ ಚಿಪ್ಪು, ಒಳಗೆ ಮೆತ್ತನೆಯ ಪದರ. ಮೆಟ್ಟಿ ಮೆಟ್ಟಿ ಒಳಪದರ ಒತ್ತಿ ತೆಳ್ಳಗಾಗುತ್ತದೆ, ಚಿಪ್ಪು ಮಾತ್ರ ಇದ್ದಷ್ಟೇ ಇರುತ್ತದೆ, ಹಿಮ್ಮಡಿ ಏಳತೊಡಗುತ್ತದೆ. ಹೊಸಬರು ಎರಡು ಜೊತೆ ಸಾಕ್ಸ್ ಹಾಕಿ ನೋಡುತ್ತಾರಂತೆ. ಅದು ಕೆಲಸಕ್ಕೆ ಬರುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ, ರಕ್ತ ಓಡಾಡದೆ ಬೆರಳು ಮರಗಟ್ಟುತ್ತವೆ. ಅವನು ಖರ್ಚಿಲ್ಲದೆ ಮಾಡಿಕೊಂಡ ಉಪಾಯ ಇಷ್ಟೇ: ಪಾದದ ಕೆಳಗೆ ಒಂದು ತೆಳು ಗಟ್ಟಿ ಪದರ ಇಟ್ಟು ಕಾಲನ್ನು ಮೇಲೆತ್ತುವುದು, ಹರಡಿನ ಸುತ್ತ ಫೋಮ್ ತುಂಡು ಅಂಟಿಸುವುದು. 1960ರ ದಶಕದಲ್ಲಿ ಅಮೆರಿಕದ ಬಾಬ್ ಲ್ಯಾಂಗ್ ಎಂಬಾತ ಪ್ಲಾಸ್ಟಿಕ್ ಬೂಟು ಪೇಟೆಗೆ ತರುವವರೆಗೆ ಈ ಬೂಟುಗಳೂ ತೊಗಲಿನವೇ ಆಗಿದ್ದವು, ನಮ್ಮ ಮುತ್ಯಾನ ಕಾಲ್ಮರಿಯಂತೆಯೇ ನೀರು ಕುಡಿದು ಸಡಿಲಾಗುತ್ತಿದ್ದವು.

ಮರುದಿನ ಕಾಲ್ಮರಿಯನ್ನು ಚೀಲದಲ್ಲಿ ಹಾಕಿಕೊಂಡು ಇಂಡಿಗೆ ಹೋದೆ. ರಸ್ತೆ ಬದಿಯ ಲಿಡ್ಕರ್ ಕುಟೀರದಲ್ಲಿ ವಯಸ್ಸಾದ ಒಬ್ಬ ಕಾಕಾ ಕೂತಿದ್ದರು. ಜೋಡಿಯನ್ನು ತಿರುವಿ ತಿರುವಿ ನೋಡಿದರು.

"ಇವು ಯಾರ್ವರಿ ಸಾಹೇಬ್ರ?"

"ನಮ್ಮ ಮುತ್ಯಾಂದು ಕಾಕಾ. ಭಾಳ ಸಡ್ಲ ಆಗ್ಯಾವು."

"ಸಡ್ಲ ಆಗೂದು ಇದ ಮೊದಲಲ್ರಿ. ನೋಡ್ರಿ ಇಲ್ಲಿ, ಎರಡ ಸಲ ಬಿಗಿ ಮಾಡ್ಯಾರ."

ಪಕ್ಕದ ಹೊಲಿಗೆಯಲ್ಲಿ ಎರಡು ಸಾಲು ಹಳೆಯ ತೂತುಗಳಿದ್ದವು. ನನ್ನ ಕಣ್ಣಿಗೆ ಅದುವರೆಗೆ ಬಿದ್ದೇ ಇರಲಿಲ್ಲ.

ಕಾಕಾ ಮಾಡಿದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾದೀತು. ನಮ್ಮ ಕಡೆಯ ಕಾಲ್ಮರಿಯ ಅಟ್ಟೆ ಒಂದೇ ತುಂಡಲ್ಲ, ತೊಗಲಿನ ಪದರಗಳನ್ನು ತೊಗಲಿನ ದಾರದಿಂದಲೇ ಹೊಲಿದದ್ದು. ಹಳೆಯ ಪದ್ಧತಿಯಲ್ಲಿ ಮೊಳೆ ಇಲ್ಲ. ಪಾದದ ಮೇಲೆ ಬರುವ ಅಡ್ಡಪಟ್ಟಿಯ ಎರಡೂ ತುದಿ ಈ ಪದರಗಳ ನಡುವೆ ಸಿಕ್ಕಿಕೊಂಡಿರುತ್ತವೆ. ಸಡಿಲಾದಾಗ ಪಕ್ಕದ ಹೊಲಿಗೆ ಬಿಚ್ಚಿ, ಪಟ್ಟಿಯನ್ನು ಒಂದೆರಡು ಜೋಳದ ಕಾಳಿನಷ್ಟು ಒಳಗೆಳೆದು ಮತ್ತೆ ಹೊಲಿದರೆ ಆಯಿತು. ಮೊಳೆ ಹೊಡೆದಿದ್ದರೆ, ಅಂಟು ಹಾಕಿದ್ದರೆ ಇದು ಇಷ್ಟು ಸಲೀಸಾಗುತ್ತಿರಲಿಲ್ಲ. ಬಿಚ್ಚಲು ಬರುವಂತೆಯೇ ಮಾಡಿದ ವಸ್ತು ಅದು. (ನಾವು ಬರೆಯುವ ಕೋಡ್ ಬಗ್ಗೆ ಇದೇ ಮಾತು ಹೇಳುವ ಧೈರ್ಯ ನನಗಿಲ್ಲ :-))

ಆದರೆ ಮುತ್ಯಾನ ಪಟ್ಟಿ ಎರಡು ಸಲ ಎಳೆದು ತುದಿ ಮುಗಿದಿತ್ತು. ಆಗ ಕಾಕಾ ಪಟ್ಟಿಯ ಗೊಡವೆ ಬಿಟ್ಟು, ಒಂದು ತೆಳು ತೊಗಲನ್ನು ರಂಪಿಗೆಯಿಂದ ಪಾದದ ಆಕಾರಕ್ಕೆ ಕೊಯ್ದು ಮೇಲಿನ ಅಟ್ಟೆಗೆ ಹೊಲಿದರು. ಹಿಮ್ಮಡಿಯ ಗುಳಿಗೆ ಇನ್ನೊಂದು ಚೂರು. ಕಾಲು ಮೇಲೆದ್ದಿತು, ಪಟ್ಟಿ ತಾನಾಗಿ ಬಿಗಿಯಾಯಿತು. ಡೆನ್ವರ್‌ನ ಉಪಾಯವೇ! ಉಂಗುಟದ ಒಳಗೆ ಒಂದು ಸಣ್ಣ ತೊಗಲು ಸುತ್ತಿ ಹೊಲಿದರು. ಬಿಸಿನೀರಲ್ಲಿ ನೆನೆಸಿ ಒಣಗಿಸಿದರೆ ಕುಗ್ಗುತ್ತದಲ್ಲ ಅಂತ ಎಲ್ಲೋ ಓದಿದ್ದನ್ನು ಹೇಳಿದೆ. "ಕುಗ್ತಾವ್ರಿ, ಹಪ್ಪಳಾನೂ ಆಗ್ತಾವ. ಆಮ್ಯಾಲ ಪಟ್ ಅಂತ ಮುರೀತಾವ" ಅಂದರು.

ಹೊಲಿಯುತ್ತಾ ಕೇಳಿದರು, "ನಿಮ್ಮೂರಾಗ ಆಯದ ಮನಿ ಇದ್ದಿದ್ವಲ್ರಿ?"

ಆಯ. ಈ ಮಾತು ಕೇಳಿದ್ದೆ, ಅದರೊಳಗೆ ಏನಿದೆ ಅಂತ ಯೋಚಿಸಿರಲಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಬಿಳಿಜೋಳದ ನಾಡು. ಇಲ್ಲಿಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಒಂದೊಂದು ಕಾಲಿಗೆ ಕಿಲೋಗಟ್ಟಲೆ ಅಂಟುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ತೊಗಲೂ ಹಾಗೆಯೇ, ನೆನೆದಾಗ ಹಿಗ್ಗಿ ಕಾಲಿನ ಆಕಾರ ಹಿಡಿಯುತ್ತದೆ, ಒಣಗಿದಾಗ ಸೆಟೆಯುತ್ತದೆ. ಜೊತೆಗೆ ಹೊಲದ ಬದುವಿನ ತುಂಬ ಜಾಲಿಮುಳ್ಳು. ಇಂಥ ನೆಲದಲ್ಲಿ ಕಾಲ್ಮರಿ ಒಮ್ಮೆ ಕೊಂಡು ಮುಗಿಯುವ ವ್ಯವಹಾರವಲ್ಲ, ವರ್ಷವಿಡೀ ಹೊಲಿಸುತ್ತಲೇ ಇರಬೇಕು. ಆ ಹೊಲಿಗೆಗೆ ರೊಕ್ಕ ಕೊಡುತ್ತಿರಲಿಲ್ಲ. ಬಡಿಗ, ಕಂಬಾರ, ಕುಂಬಾರ, ನಾವಿದ, ಅಗಸರಂತೆ ತೊಗಲಿನ ಕೆಲಸದವರೂ ಆಯಗಾರರು. ವರ್ಷವೆಲ್ಲ ದುಡಿಯಬೇಕು, ಸುಗ್ಗಿಯಲ್ಲಿ ರಾಶಿಯಾದಾಗ ಕಣಕ್ಕೆ ಬಂದು ತಮ್ಮ ಪಾಲಿನ ಜೋಳ ಒಯ್ಯಬೇಕು.

ತೊಗಲಿನ ಕೆಲಸದಲ್ಲೂ ಒಳಪಾಲುಗಳಿದ್ದವು. ಡೋಹರರು ಜಾಲಿಯ ತೊಗಟೆ, ಅಣಲೆಕಾಯಿ ಹಾಕಿ ತೊಗಲು ಹದ ಮಾಡುವವರು. ಸಮಗಾರರು ಕಾಲ್ಮರಿ ಮಾಡುವವರು. ಬಾವಿಯಿಂದ ನೀರೆತ್ತುವ ತೊಗಲಿನ ಬಾನಿ, ಬಾರುಕೋಲು, ಎತ್ತಿನ ಪಟ್ಟಿಗಳು ಹೆಚ್ಚಾಗಿ ಮಾದರ ಪಾಲಿಗೆ. ಊರಿಗೆ ಇವರೆಲ್ಲ ಬೇಕು, ಆದರೆ ಮನೆಗಳು ಮಾತ್ರ ಊರ ಹೊರಗೆ. ಎಷ್ಟೋ ಹಳ್ಳಿಗಳಲ್ಲಿ ಕಾಲ್ಮರಿ ಹೊಲಿದವನೇ ಮೇಲಿನವರ ಓಣಿಯಲ್ಲಿ ಅದನ್ನು ಮೆಟ್ಟುವಂತಿರಲಿಲ್ಲ, ಕೈಯಲ್ಲಿ ಹಿಡಿದು ದಾಟಬೇಕಿತ್ತು. ಅಸ್ಪೃಶ್ಯತೆ ಅಪರಾಧ ಎಂಬ ಕಾಯ್ದೆ ಬಂದದ್ದು 1955ರಲ್ಲಿ. ಓಣಿಗೆ ಬರಲು ಅದಕ್ಕಿನ್ನೂ ಎಷ್ಟೋ ವರ್ಷ ಹಿಡಿಯಿತು.

ಆಯದ ಪದ್ಧತಿಯನ್ನು ಹೊಗಳುವವರು ಹೇಳುವ ಮಾತೊಂದಿದೆ, ರೊಕ್ಕವಿಲ್ಲದ ಕಾಲದಲ್ಲಿ ಎಲ್ಲರಿಗೂ ಹೊಟ್ಟೆಗೆ ಸಿಗುತ್ತಿತ್ತು ಅಂತ. ಮಳೆ ಬಂದ ವರ್ಷ ಇರಬಹುದು. ಬಾರದ ವರ್ಷ? 1876ರಿಂದ 78ರ ಬರದಲ್ಲಿ ಈ ಭಾಗ (ಆಗ ಕಲಾದಗಿ ಜಿಲ್ಲೆ) ತತ್ತರಿಸಿಹೋಯಿತು. ಬರದಲ್ಲಿ ಮೊದಲು ಸಾಯುವುದು ದನ, ಹಾಗಾಗಿ ತೊಗಲಿಗೇನೂ ಕೊರತೆಯಿಲ್ಲ. ಹೊಲಿಯುವ ಕೈಗೆ ಕೊಡುವ ಜೋಳಕ್ಕೆ ಕೊರತೆ. ಮೊದಲು ದುಡಿಮೆ, ಆಮೇಲೆ ಕೂಲಿ ಎಂದಾಗ ಮಳೆಯ ನಷ್ಟವನ್ನು ಮುಂಗಡವಾಗಿ ಹೊತ್ತವನು ಆಯಗಾರ. ನಮ್ಮ ಮನೆಯವರಿಗೆ ಕಾಲ್ಮರಿ ಬಿಗಿ ಮಾಡಿಸುವುದು ಯಾಕೆ ಅಷ್ಟು ಅಗ್ಗವಾಗಿತ್ತು ಅಂತ ಈಗ ಗೊತ್ತಾಗುತ್ತದೆ.

ಇದೇ ನೆಲದ ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಸುತ್ತ ಬೆಳೆದ ಹರಳಯ್ಯನ ಕಥೆ ನಿಮಗೆಲ್ಲ ಗೊತ್ತಿರುತ್ತದೆ. ಸಮಗಾರ ಹರಳಯ್ಯ ಶರಣು ಅಂದರೆ ಬಸವಣ್ಣ ಶರಣು ಶರಣಾರ್ಥಿ ಅಂದರಂತೆ. ಒಂದಕ್ಕೆ ಎರಡು ಬಂತಲ್ಲ, ಆ ಹೆಚ್ಚಿನ ಒಂದರ ಋಣ ತೀರಿಸಲು ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದರಂತೆ. ಬಸವಣ್ಣ ಅದನ್ನು ಮೆಟ್ಟಲಿಲ್ಲ. ಮುಂದೆ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಗಿ, ಇಬ್ಬರೂ ತಂದೆಯರನ್ನು ಬಿಜ್ಜಳನ ಕಾಲದಲ್ಲಿ ಕೊಲ್ಲಲಾಯಿತು. 12ನೆಯ ಶತಮಾನದ ಕಲ್ಯಾಣ ಒಡೆದದ್ದೇ ಅಲ್ಲಿಂದ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಈ ಕಥೆಯನ್ನು ಭಕ್ತಿಯ ಕಥೆಯಾಗಿ ಕೇಳಿದ್ದೆ. ಕುಟೀರದ ಮುಂದೆ ನಿಂತಾಗ ಇದು ಲೆಕ್ಕದ ಕಥೆಯಾಗಿಯೂ ಕಂಡಿತು. ಒಂದು ನಮಸ್ಕಾರದ ಬಾಕಿಯನ್ನು ಅಷ್ಟು ಭಾರವಾಗಿ ಹೊತ್ತವನು ಕಾಲ್ಮರಿ ಮಾಡುವವನು. ಮೆಟ್ಟುವವರು ಯಾರೂ ಬಾಕಿಯನ್ನು ಹಾಗೆ ಹೊತ್ತದ್ದನ್ನು ನಾನು ಕೇಳಿಲ್ಲ.

ಆಯ ಹೇಗೆ ಹೋಯಿತು? ಒಂದೇ ದಿನ ಹೋಗಲಿಲ್ಲ. ಪಂಪ್‌ಸೆಟ್ ಬಂದು ತೊಗಲಿನ ಬಾನಿ ಹೋಯಿತು. ಲಾರಿ ಟೈರಿನ ಅಟ್ಟೆ ಬಂತು, ಸವೆಯುವುದೇ ಇಲ್ಲ. ಹವಾಯಿ ಚಪ್ಪಲಿ ಬಂತು. ಕೊಟ್ಟಾಯಂನಲ್ಲಿ 1975ರಲ್ಲಿ ಶುರುವಾದ ಪ್ಯಾರಾಗಾನ್ ನಮ್ಮ ಸಂತೆಗಳನ್ನೂ ಮುಟ್ಟಿತು. ಆಲಮಟ್ಟಿ, ನಾರಾಯಣಪುರದ ಕಾಲುವೆ ಬಂದ ಕಡೆ ಹೊಲದಲ್ಲಿ ಸದಾ ನೀರು, ಅಲ್ಲಿ ತೊಗಲಿಗಿಂತ ರಬ್ಬರೇ ವಾಸಿ. ಬಾರು ಕಿತ್ತರೆ ಹೊಸ ಬಾರು, ಅದೂ ಹೋದರೆ ಹೊಸ ಜೋಡಿ. ಬಿಗಿ ಮಾಡಿಸುವ ಪ್ರಶ್ನೆಯೇ ಇಲ್ಲ. ತೊಗಲಿನ ಮನೆಯವರಿಗೆ ಕಣದ ಮುಂದೆ ಕೈಯೊಡ್ಡಿ ನಿಲ್ಲುವುದು ತಪ್ಪಿತು, ಕಸುಬೂ ತಪ್ಪಿತು.

1976ರಲ್ಲಿ ಸರ್ಕಾರ ಲಿಡ್ಕರ್ ನಿಗಮ ಮಾಡಿತು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದವು. ಹೆಸರು ಕೊಲ್ಹಾಪುರದ್ದಾದರೂ ಮಾಡಿದ ಕೈ ನಮ್ಮ ಕಡೆಯವೂ ಹೌದು ಅಂತ ಕಾಗದದ ಮೇಲೆ ಬಂತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಅಂಥದೇ ಉಂಗುಟದ ಚಪ್ಪಲಿ ತೋರಿಸಿ, ಗದ್ದಲವಾದ ಮೇಲೆ ಮೂಲ ಇದೇ ಅಂತ ಒಪ್ಪಿಕೊಂಡಿತು. ಕಾಕಾಗೆ ಇದನ್ನು ಹೇಳಿದೆ. "ಅವರದೂ ಸಡ್ಲ ಆಗ್ತಾವಲ್ರಿ?" ಅಂತಷ್ಟೇ ಕೇಳಿದರು.

ಅರವತ್ತು ರೂಪಾಯಿ ಕೇಳಿದರು. ನೂರು ಕೊಟ್ಟೆ. ನಲವತ್ತು ಎಣಿಸಿ ವಾಪಸ್ ಕೊಟ್ಟರು.

ಮನೆಗೆ ಬಂದು ಆಯಿಗೆ ತೋರಿಸಿದೆ. ಕಣ್ಣು ಮಂಜಾಗಿದೆ, ಬೆರಳಿನಿಂದಲೇ ಹೊಲಿಗೆ ಮುಟ್ಟಿ ನೋಡಿದಳು. ಎರಡು ಸಾಲು ತೂತುಗಳಿದ್ದ ಕಡೆ ಬೆರಳು ನಿಂತಿತು. ಯಾರು ಬಿಗಿ ಮಾಡಿದ್ದು ಅಂತ ಕೇಳಿದೆ.

"ನಮ್ಮ ಆಯದಾಂವ. ಎರಡನೇ ಸಲ ಮಾಡಿದ್ದು ಎಪ್ಪತ್ತೆರಡರ ಬರದಾಗ."

"ಆ ವರ್ಷ ಆಯ ಕೊಟ್ರೇನು?"

"ಎಲ್ಲಿ ರಾಶಿ ಆಗಿತ್ತಪಾ ಕೊಡಾಕ? ಮುಂದಿನ ವರ್ಷ ಕೂಡಿಸಿ ಕೊಡೂಣು ಅಂದಿದ್ರು ನಿಮ್ಮ ಮುತ್ಯಾ. ಅಷ್ಟ್ರಾಗ ಅವರು ಸೊಲ್ಲಾಪುರಕ್ಕ ದುಡಿಯಾಕ ಹೋದ್ರು. ತಿರುಗಿ ಬರ್ಲಿಲ್ಲ."

ಸಂಜೆ ಆ ಕಡೆ ಹೋಗಿ ಬಂದೆ, ಅದೇ ಕಾಲ್ಮರಿ ಮೆಟ್ಟಿಕೊಂಡು. ಮನೆ ಇದ್ದ ಜಾಗದಲ್ಲಿ ಒಂದು ಗೋಡೆ ಉಳಿದಿದೆ. ಸುತ್ತ ಜಾಲಿ ಬೆಳೆದಿದೆ. ಬಲಗಾಲಿನದು ಹೆಬ್ಬೆರಳಿನ ಹತ್ತಿರ ಸ್ವಲ್ಪ ಕಚ್ಚುತ್ತಿದೆ, ಔಡಲ ಎಣ್ಣೆ ಹಚ್ಚಿಟ್ಟಿದ್ದೇನೆ.