ಕೋಲಾರ ಚಿನ್ನದ ಗಣಿ: ಶೋಧ, ವಿದ್ಯುತ್ತು, ಅವಸಾನ – ಮೂರು ಪ್ರಚಲಿತ ನಂಬಿಕೆಗಳ ಪರಿಶೀಲನೆ

ಕೋಲಾರ ಚಿನ್ನದ ಗಣಿಗಳ (ಕೆಜಿಎಫ್) ಚರಿತ್ರೆ ಜನರ ನಾಲಿಗೆಯ ಮೇಲೆ ಮೂರು ಮಾತಿನಲ್ಲಿ ಮುಗಿಯುತ್ತದೆ: ಐರಿಷ್ ಸೈನಿಕನೊಬ್ಬ ಚಿನ್ನ ಕಂಡುಹಿಡಿದ, ಏಷ್ಯಾದಲ್ಲೇ ಮೊದಲು ಇಲ್ಲಿ ವಿದ್ಯುದ್ದೀಪ ಹತ್ತಿತು, 2001ರಲ್ಲಿ ಚಿನ್ನ ಬರಿದಾಗಿ ಊರು ಹಾಳುಬಿತ್ತು. ಮೂರೂ ನಂಬಿಕೆಗಳು ಗಣಿ ಕಂಪನಿಯ ಕಡೆಯಿಂದ ಕಂಡ ಚರಿತ್ರೆಯನ್ನೇ ಹೇಳುತ್ತವೆ ಎಂಬುದು ಈ ಲೇಖನದ ವಾದ.

ಮೊದಲನೆಯದು ಶೋಧದ ಪ್ರಶ್ನೆ. ಆ ಐರಿಷ್ ಸೈನಿಕ ಮೈಕೆಲ್ ಲ್ಯಾವೆಲ್ 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ, 1875ರಲ್ಲಿ ಗಣಿಗಾರಿಕೆಯ ಹಕ್ಕು ಪಡೆದದ್ದು ನಿಜ. ಆದರೆ ಅವನಿಗೆ ದಾರಿ ತೋರಿದ್ದು ಲೆಫ್ಟಿನೆಂಟ್ ಜಾನ್ ವಾರನ್‌ನ ವರದಿ. 1802ರಲ್ಲಿ ಮೈಸೂರಿನ ಪೂರ್ವ ಗಡಿಯ ಮೋಜಣಿಗೆ ಬಂದಿದ್ದ ವಾರನ್, ಮಾರಿಕುಪ್ಪಂ ಸುತ್ತಮುತ್ತ ಸ್ಥಳೀಯರು ಗುಂಡಿಗಳಿಗೆ ಇಳಿದು ಕಲ್ಲನ್ನು ಬುಟ್ಟಿಗಳಲ್ಲಿ ಕೈಯಿಂದ ಕೈಗೆ ಸಾಗಿಸುವುದನ್ನೂ, ಹೆಂಗಸರು ಅದನ್ನು ಕುಟ್ಟಿ ಪುಡಿಮಾಡಿ ತೊಳೆದು ಚಿನ್ನದ ಕಣ ಬೇರ್ಪಡಿಸುವುದನ್ನೂ ದಾಖಲಿಸಿದ. ಅಂದರೆ ಶೋಧಕನೆನಿಸಿಕೊಂಡವನಿಗಿಂತ ಎಪ್ಪತ್ತು ವರ್ಷ ಮೊದಲೇ ಇಲ್ಲೊಂದು ಕಸುಬು ನಡೆಯುತ್ತಿತ್ತು. ಬೆಂಗಳೂರಿನ ರಸ್ತೆಯೊಂದಕ್ಕೆ ಲ್ಯಾವೆಲ್ ಹೆಸರು ಉಳಿಯಿತು. ಕಲ್ಲು ಕುಟ್ಟಿದವರಲ್ಲಿ ಒಬ್ಬರ ಹೆಸರೂ ಜನರ ನೆನಪಿನಲ್ಲಿಲ್ಲ. ಲ್ಯಾವೆಲ್‌ನ ಕೈಯಲ್ಲೂ ಗಣಿ ನಿಲ್ಲಲಿಲ್ಲ. ಅದನ್ನು ದೊಡ್ಡ ಉದ್ದಿಮೆಯಾಗಿಸಿದ್ದು 1880ರ ದಶಕದಲ್ಲಿ ಬಂದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ, ಮತ್ತು ಉತ್ತರ ಆರ್ಕಾಟ್, ಚಿತ್ತೂರು ಕಡೆಗಳಿಂದ ಬಂದ, ಬಹುಪಾಲು ದಲಿತರಾದ ಕಾರ್ಮಿಕರು.

ಎರಡನೆಯ ನಂಬಿಕೆಯನ್ನು ತಾರೀಖುಗಳೇ ಅಲ್ಲಗಳೆಯುತ್ತವೆ. ಶಿವನಸಮುದ್ರದ ವಿದ್ಯುತ್ತು ಗಣಿಗೆ ತಲುಪಿದ್ದು 1902ರಲ್ಲಿ. ಡಾರ್ಜಿಲಿಂಗ್‌ನ ಸಿದ್ರಾಪಾಂಗ್ ಜಲವಿದ್ಯುತ್ ಕೇಂದ್ರ 1897ರಲ್ಲೇ ಆರಂಭವಾಗಿತ್ತು. ಕಲ್ಕತ್ತೆಗೆ 1899ರಲ್ಲಿ ವಿದ್ಯುತ್ ಪೂರೈಕೆ ಬಂದಿತ್ತು. ಕೆಜಿಎಫ್‌ನ ನಿಜವಾದ ಹೆಚ್ಚುಗಾರಿಕೆ ಇರುವುದು ಬೇರೆಡೆ: ಶಿವನಸಮುದ್ರದಿಂದ ಗಣಿಗೆ ಬಂದ ಸುಮಾರು 148 ಕಿ.ಮೀ. ಉದ್ದದ ತಂತಿಮಾರ್ಗ ಅಂದಿನ ಜಗತ್ತಿನ ಅತಿ ದೀರ್ಘ ಮಾರ್ಗಗಳ ಸಾಲಿಗೆ ಸೇರಿತ್ತು. ಆ ತಂತಿ ಎಳೆದದ್ದು ಮುಖ್ಯವಾಗಿ ಗಣಿಯ ಯಂತ್ರಗಳಿಗಾಗಿ. ‘ಮೊದಲ ದೀಪದ ಊರು’ ಎಂಬ ಹೆಗ್ಗಳಿಕೆ ಈ ಉದ್ದೇಶವನ್ನು ಮರೆಸುತ್ತದೆ.

ಮೂರನೆಯದು ಅವಸಾನ. ಕೊನೆಗೆ ಗಣಿಗಳನ್ನು ನಡೆಸುತ್ತಿದ್ದ ಸರ್ಕಾರಿ ಸಂಸ್ಥೆ ಭಾರತ್ ಗೋಲ್ಡ್ ಮೈನ್ಸ್ ಅವನ್ನು ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಚಾಂಪಿಯನ್ ರೀಫ್ ಗಣಿ ಆ ಹೊತ್ತಿಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆಳ ಹೆಚ್ಚಿದಂತೆ ಅದಿರಿನಲ್ಲಿ ಚಿನ್ನದ ಅಂಶ ತಗ್ಗಿತು. ಗಾಳಿ ತಂಪಾಗಿಸುವ, ನೀರೆತ್ತುವ, ಬಂಡೆ ಸಿಡಿಯದಂತೆ ಕಾಯುವ ಖರ್ಚು ಏರಿತು. ತೆಗೆದ ಚಿನ್ನದ ಬೆಲೆಗಿಂತ ತೆಗೆಯುವ ಖರ್ಚೇ ಹೆಚ್ಚಾಯಿತು. ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ಸೈನೈಡ್ ದಿಬ್ಬಗಳಲ್ಲಿ ಇಂದಿಗೂ ಚಿನ್ನದ ಅಂಶವಿದೆ. ಆದ್ದರಿಂದ ‘ಚಿನ್ನ ಮುಗಿಯಿತು’ ಎಂಬ ವಿವರಣೆ ಲೆಕ್ಕಪತ್ರದ ನಿರ್ಧಾರವೊಂದನ್ನು ಪ್ರಕೃತಿಯ ತಲೆಗೆ ಕಟ್ಟುತ್ತದೆ.

ಇನ್ನು ಪಾಳುಬಿದ್ದ ಪಟ್ಟಣದ ಚಿತ್ರ. ತುಕ್ಕು ಹಿಡಿದ ಶಾಫ್ಟ್‌ಗಳು, ಹಾಳು ಸುರಿಯುವ ಬಂಗಲೆಗಳು ಅಲ್ಲಿರುವುದು ಸುಳ್ಳಲ್ಲ. ಆದರೆ 2011ರ ಜನಗಣತಿಯಲ್ಲೂ ಗಣಿ ಪ್ರದೇಶದ ರಾಬರ್ಟ್‌ಸನ್‌ಪೇಟೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರ ನಗರ. ಗಣಿ ಕಾರ್ಮಿಕರ ಮಕ್ಕಳು ಮಾರಿಕುಪ್ಪಂನಿಂದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. 2001 ಗಣಿಯ ಕೊನೆಯ ವರ್ಷ; ಊರಿನ ಕೊನೆಯ ವರ್ಷ ಅಲ್ಲ. ಊರಿನ ಚರಿತ್ರೆ ಬರೆಯುವವರು ಕಂಪನಿಯ ಉತ್ಪಾದನಾ ಲೆಕ್ಕದ ಜೊತೆಗೆ ಕಾರ್ಮಿಕರು ವಾಸಿಸಿದ ಲೈನ್ ಮನೆಗಳ, ಕಾರ್ಮಿಕ ಸಂಘಗಳ, ನಗರಸಭೆಯ ದಾಖಲೆಗಳನ್ನೂ ಅಷ್ಟೇ ತೂಕದಿಂದ ಓದಬೇಕಾಗಿದೆ.