ತೀರ್ಥಹಳ್ಳಿಯ ಒತ್ತಕ್ಷರ ಮತ್ತು ಫೋನಿನ ಬೇರು

ವಿಂಡೋಸ್ ಎಕ್ಸ್‌ಪಿ ಕಾಲದ ಬ್ಲಾಗಿಗರಿಗೆ ಡಬ್ಬಾ ಡಬ್ಬಾ ಕನ್ನಡದ ಕಾಟ ಹೊಸದೇನಲ್ಲ. ಕಂಟ್ರೋಲ್ ಪ್ಯಾನೆಲ್ ತೆರೆದು, ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅಂತಿದ್ದ ಕಡೆ ಟಿಕ್ ಹಾಕಿ, ಕೇಳಿದಾಗ ಸಿ.ಡಿ. ತುರುಕಿದರೆ 'ತುಂಗಾ' ಫಾಂಟಿನಲ್ಲಿ ಅಕ್ಷರ ಮೂಡುತ್ತಿತ್ತು. (ತುಂಗೆಯ ದಂಡೆಯ ತೀರ್ಥಹಳ್ಳಿಯವರಿಗೆ ಆ ಹೆಸರೇ ಒಂದು ಖುಷಿ :)) ಅಷ್ಟಕ್ಕೆಲ್ಲ ಕಂಪ್ಯೂಟರಿನ ವಾರಂಟಿ ಹೋಗುತ್ತಿರಲಿಲ್ಲ. ಆಂಡ್ರಾಯ್ಡ್ ಫೋನುಗಳು ಬಂದಾಗ ಕಥೆ ಬೇರೆಯಾಯಿತು.

2010-11ರ ಹೊತ್ತಿಗೆ ಕೈಗೆ ಬಂದ ಆಂಡ್ರಾಯ್ಡ್ 2.2, 2.3ರ ಹೆಚ್ಚಿನ ಫೋನುಗಳಲ್ಲಿ ಕನ್ನಡ ಬ್ಲಾಗು ತೆರೆದರೆ ಸಾಲು ಸಾಲು ಚೌಕ. ಅಕ್ಷರಗಳಿರುವ ಸಿಸ್ಟಮ್ ಫೋಲ್ಡರಿಗೆ ನಾವು ಕೈ ಹಾಕುವಂತಿಲ್ಲ. ಮನೆ ನಮ್ಮದು, ಕಣಜದ ಬೀಗದಕೈ ಕಂಪನಿಯವರ ಹತ್ತಿರ! ಆಂಡ್ರಾಯ್ಡಿನ ತಳದಲ್ಲಿರುವುದು ಲಿನಕ್ಸ್. ಅಲ್ಲಿ ಎಲ್ಲಕ್ಕೂ ಅಧಿಕಾರವಿರುವ ಯಜಮಾನನ ಹೆಸರು 'ರೂಟ್'. ಆ ಯಜಮಾನಿಕೆ ಪಡೆಯುವುದಕ್ಕೇ ರೂಟಿಂಗ್ ಅನ್ನುವುದು. 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನು ಜಿ1ರಲ್ಲಿ ಒಂದು ತಮಾಷೆಯ ದೋಷವಿತ್ತು. ಕೀಲಿಮಣೆಯಲ್ಲಿ ಕುಟ್ಟಿದ್ದೆಲ್ಲ ಗುಟ್ಟಾಗಿ ರೂಟಿನ ಆಜ್ಞೆಯಾಗಿಯೂ ಹೋಗುತ್ತಿತ್ತು. ಗೆಳೆಯನಿಗೆ 'ರೀಬೂಟ್' ಅಂತ ಮೆಸೇಜ್ ಬರೆದು ಎಂಟರ್ ಒತ್ತಿದರೆ ಫೋನೇ ರೀಬೂಟ್!

ಬೇರೆಯವರು ಆಟದ ವೇಗಕ್ಕೋ ಜಾಹೀರಾತು ತಡೆಯುವುದಕ್ಕೋ ರೂಟ್ ಮಾಡಿದರೆ, ನಮ್ಮಲ್ಲಿ ಎಷ್ಟೋ ಜನ ಮಾಡಿದ್ದು ತಮ್ಮ ಭಾಷೆ ಓದುವುದಕ್ಕೆ. ಇದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ. ಫೋನಿನಲ್ಲಿದ್ದ ಡ್ರಾಯ್ಡ್ ಸಾನ್ಸ್ ಫಾಲ್‌ಬ್ಯಾಕ್ ಅನ್ನುವ ಫಾಂಟನ್ನು ತೆಗೆದು, ಕನ್ನಡವಿರುವ ಫಾಂಟನ್ನು ಅದೇ ಹೆಸರಿನಲ್ಲಿ ಕೂರಿಸಬೇಕು. ಆಮೇಲಾದರೂ ಸರಿಯಾಯಿತೇ? ಅರ್ಧ. 'ಸಾಗರ' ಹೇಗೋ ಓದಿಸಿಕೊಳ್ಳುತ್ತಿತ್ತು. 'ಹೊಸನಗರ' ಸ್ವಲ್ಪ ಕುಂಟುತ್ತಿತ್ತು. ತೀರ್ಥಹಳ್ಳಿ ಮಾತ್ರ 'ತೀರ್‌ಥಹಳ್‌ಳಿ'! ಫಾಂಟು ಅಕ್ಷರ ಕೊಡುತ್ತದೆ, ಒತ್ತನ್ನೂ ಅರ್ಕಾವತ್ತನ್ನೂ ಜಾಗಕ್ಕೆ ಕೂರಿಸುವ ತಂತ್ರಾಂಶ ಬೇರೆಯೇ ಇರಬೇಕು. ವಾರಂಟಿ ಕೊಟ್ಟು ಕೊಂಡದ್ದು ಒತ್ತಕ್ಷರ ಒಡೆದ ಕನ್ನಡ. ರೂಟೇ ಬೇಡದ ಉಪಾಯವೂ ಇತ್ತು. ಒಪೆರಾ ಮಿನಿಯ ಗುಪ್ತ ಸೆಟ್ಟಿಂಗಿನಲ್ಲಿ ಬಿಟ್‌ಮ್ಯಾಪ್ ಫಾಂಟ್ ಆಯ್ದುಕೊಂಡರೆ ಅವರ ಸರ್ವರ್ ಅಕ್ಷರಗಳನ್ನು ಚಿತ್ರ ಮಾಡಿ ಕಳಿಸುತ್ತಿತ್ತು. ಬ್ಲಾಗು ಓದುವುದಕ್ಕೆ ಸಾಕು, ಎಸ್ಸೆಮ್ಮೆಸ್ಸಿಗೆ ಇಲ್ಲ.

ಅಪಾಯಗಳು ಪುಸ್ತಕದ ಬದನೆಕಾಯಿಯಲ್ಲ. ರೂಟ್ ಆದ ಮೇಲೆ ರಾಮ್ ಬದಲಿಸಲು ಹೊರಟು, ಅರ್ಧಕ್ಕೆ ಕರೆಂಟು ಹೋಗಿ ಕಂಪ್ಯೂಟರ್ ಆರಿದರೆ ಫೋನು ಇಟ್ಟಿಗೆ. ಮಳೆಗಾಲದ ಹೊಸನಗರದಲ್ಲಿ ಕರೆಂಟಿನ ಭರವಸೆ ಕೊಡುವವರು ಯಾರು? ಕೆಲವು ಫೋನುಗಳಲ್ಲಿ ಐಎಂಇಐ ಇರುವ ಭಾಗವೇ ಕೆಡುತ್ತಿತ್ತು. ಐಎಂಇಐ ಇಲ್ಲದ ಫೋನಿಗೆ 2009ರ ಡಿಸೆಂಬರ್ 1ರಿಂದ ನಮ್ಮ ದೇಶದಲ್ಲಿ ಸಂಪರ್ಕವೇ ಇಲ್ಲ. ಗುಡ್ಡ ಹತ್ತಿ ಹುಡುಕಿದ ಸಿಗ್ನಲ್ಲಿಗೂ ಕುತ್ತು.

1763ರಲ್ಲಿ ಹೈದರ್ ಅಲಿ ಹೊಸನಗರ ಸೀಮೆಯ ಬಿದನೂರನ್ನು ಹಿಡಿದದ್ದು ಹಳೆಯ ಮಂತ್ರಿಯೊಬ್ಬ ತೋರಿಸಿದ ಗುಟ್ಟಿನ ದಾರಿಯಿಂದ ಅಂತ ಹೇಳುತ್ತಾರಲ್ಲ, 2011ರ ಮಾರ್ಚಿನಲ್ಲಿ ಆಂಡ್ರಾಯ್ಡಿಗೆ ಆದದ್ದೂ ಅದೇ. 'ಡ್ರಾಯ್ಡ್‌ಡ್ರೀಮ್' ಎಂಬ ಕುತಂತ್ರಾಂಶ 50ಕ್ಕೂ ಹೆಚ್ಚು ಆಪ್‌ಗಳಲ್ಲಿ ಅಡಗಿ, ಗೂಗಲ್‌ನ ಅಧಿಕೃತ ಮಾರುಕಟ್ಟೆಯೊಳಗೇ ಸೇರಿತ್ತು. ಅದು ಒಳನುಗ್ಗಿದ್ದು ಸೂಪರ್‌ಒನ್‌ಕ್ಲಿಕ್‌ನಂಥ ರೂಟಿಂಗ್ ಉಪಕರಣಗಳು ಬಳಸುತ್ತಿದ್ದ ಕಿಂಡಿಯಿಂದಲೇ. ಆ ಕಿಂಡಿ ರೂಟ್ ಮಾಡದವರ ಫೋನಿನಲ್ಲೂ ಇತ್ತು ಅನ್ನುವುದನ್ನು ಮರೆಯಬಾರದು.

ಹಿಂದಕ್ಕೆ ಬರಬಹುದಿತ್ತೇ? ಮೊದಲೇ ನ್ಯಾಂಡ್ರಾಯ್ಡ್ ಬ್ಯಾಕಪ್ ತೆಗೆದಿಟ್ಟವರಿಗೆ, ಅಥವಾ ಕಂಪನಿಯ ಮೂಲ ರಾಮ್ ಸಿಕ್ಕವರಿಗೆ ಬಹುಮಟ್ಟಿಗೆ ಹೌದು. ಆದರೆ ಕುರುಹು ಉಳಿಯುತ್ತಿತ್ತು. ಸ್ಯಾಮ್‌ಸಂಗ್ ಫೋನುಗಳಲ್ಲಿ ಎಷ್ಟು ಸಲ ರಾಮ್ ಬದಲಾಯಿತೆಂದು ಎಣಿಸುವ ಲೆಕ್ಕವಿತ್ತು. ಅದನ್ನು ಸೊನ್ನೆ ಮಾಡುವ ಜಾಣರೂ ಹುಟ್ಟಿಕೊಂಡರು. 2013ರಲ್ಲಿ ನಾಕ್ಸ್ ಬಂದು ಆ ಆಟ ಮುಗಿಯಿತು. ಚಿಪ್ಪಿನೊಳಗಿನ ಫ್ಯೂಸ್ ಒಮ್ಮೆ ಸುಟ್ಟರೆ ಸುಟ್ಟಂತೆಯೇ, ಮೂಲ ರಾಮ್ ಹಾಕಿದರೂ 0 ಇದ್ದದ್ದು 1 ಆಗಿಯೇ ಉಳಿಯುತ್ತದೆ. ಎಚ್‌ಟಿಸಿಯವರು 2011ರಲ್ಲಿ ತಾವೇ ಬೂಟ್‌ಲೋಡರ್ ಬೀಗ ತೆಗೆಯುವ ದಾರಿ ಕೊಟ್ಟರು, ವಾರಂಟಿಯ ಬಗ್ಗೆ ಎಚ್ಚರಿಕೆಯನ್ನೂ ಜೊತೆಗಿಟ್ಟರು. ಹೇಳಿ ಮಾಡುವುದು ನನಗೆ ಹೆಚ್ಚು ಮರ್ಯಾದೆಯದಾಗಿ ಕಾಣುತ್ತದೆ. ಮಲೆನಾಡಿನವರಿಗೆ ವಾರಂಟಿ ಹೋಗುವುದೆಂದರೆ ಶಿವಮೊಗ್ಗಕ್ಕೆ ಬಸ್ಸು ಹತ್ತಿ ಸರ್ವೀಸ್ ಸೆಂಟರಿನಲ್ಲಿ ಕಾದು, ಕೊನೆಗೆ ಬೋರ್ಡಿನ ಪೂರ್ತಿ ದುಡ್ಡು ಕೊಡಬೇಕೆನ್ನಿಸಿಕೊಂಡು ವಾಪಸ್ ಬರುವುದು.

2012ರ ಜುಲೈಯಲ್ಲಿ ಬಂದ ಆಂಡ್ರಾಯ್ಡ್ 4.1 ಕನ್ನಡವನ್ನು ಒತ್ತಕ್ಷರ ಸಮೇತ ತಾನೇ ತೋರಿಸಿತು. 2014ರ 5.0ರಲ್ಲಿ ಮೆನುಗಳೂ ಕನ್ನಡಕ್ಕೆ ಬಂದವು. ಆದರೆ ಅಗ್ಗದ 2.3ರ ಫೋನು ಕೊಂಡವರಿಗೆ ಹೆಚ್ಚಿನ ಕಂಪನಿಗಳು 4.1 ಕೊಡಲೇ ಇಲ್ಲ. ಅವರಲ್ಲಿ ಕೆಲವರು ಸಯನೋಜೆನ್‌ಮಾಡ್ 10 ಹಾಕಿಕೊಂಡು, ವಾರಂಟಿ ಬಿಟ್ಟುಕೊಟ್ಟು, 'ತೀರ್ಥಹಳ್ಳಿ'ಯನ್ನು ತೀರ್ಥಹಳ್ಳಿಯಾಗಿಯೇ ಓದಿದರು. ಸಯನೋಜೆನ್‌ಮಾಡ್ 2016ರ ಕೊನೆಗೆ ನಿಂತು, ಲೀನಿಯೇಜ್ ಓಎಸ್ ಆಗಿ ಮುಂದುವರಿಯಿತು. ಅದೇ ವರ್ಷ ಯುಪಿಐ ಬಂತು. ರೂಟ್ ಆದ ಫೋನು ಕಂಡರೆ ಹಲವು ಬ್ಯಾಂಕ್ ಆಪ್‌ಗಳು ಬಾಗಿಲು ಹಾಕಿಕೊಳ್ಳುತ್ತವೆ. ಅಕ್ಷರಕ್ಕಾಗಿ ರೂಟ್ ಮಾಡುವ ಅಗತ್ಯ ಈಗ ಯಾರಿಗೂ ಇಲ್ಲ.