ಹಳೆಯ ಛಾಯಾಚಿತ್ರ ಪೆಟ್ಟಿಗೆಗಳ ಅಲಂಕಾರ ಸಂಕೇತಗಳು

ಡಾಗೆರೋಟೈಪ್, ಆಂಬ್ರೋಟೈಪ್, ಟಿನ್‌ಟೈಪ್ ಎಂಬ ಆರಂಭಕಾಲದ ಭಾವಚಿತ್ರಗಳನ್ನು ಕಾಪಿಡಲು 1840ರಿಂದ 1860ರ ದಶಕದವರೆಗೆ ಬಳಕೆಯಲ್ಲಿದ್ದ, ಪುಸ್ತಕದ ಹಾಗೆ ತೆರೆದು ಮುಚ್ಚುವ ಪುಟ್ಟ ಪೆಟ್ಟಿಗೆಗಳಿವು. ಒಳಗೆ ಒಂದು ಬದಿಯಲ್ಲಿ ಗಾಜಿನಡಿ ಚಿತ್ರ, ಎದುರು ಬದಿಯಲ್ಲಿ ರೇಷ್ಮೆಯದೋ ಮಖಮಲ್ಲಿನದೋ ಮೆತ್ತೆ, ಹೊರಮೈಯಲ್ಲಿ ಅಚ್ಚೊತ್ತಿದ ಚಿತ್ತಾರ. ಹೆಚ್ಚಾಗಿ ಸಿಗುವ ಅಳತೆಯ ಪೆಟ್ಟಿಗೆಯಲ್ಲಿ ಕೂರುವ ಚಿತ್ರದ ಅಗಲ ಎರಡೂಮುಕ್ಕಾಲು ಅಂಗುಲ, ಎತ್ತರ ಮೂರೂಕಾಲು ಅಂಗುಲ. ಜೇಬಿಗೆ ಹಾಕಿಕೊಂಡು ಊರೂರು ತಿರುಗಬಹುದಾದಷ್ಟು ಚಿಕ್ಕದು. ಗುಲಾಬಿ, ದ್ರಾಕ್ಷಿ ಗೊಂಚಲು, ಗೋಧಿಯ ಸಿವುಡು, ಜೇನುಗೂಡು, ಹದ್ದು, ಕಲಶ, ಕಿನ್ನರಿಯಂಥ ತಂತಿವಾದ್ಯಗಳು, ಇತಿಹಾಸದ ದೃಶ್ಯಗಳು ಈ ಹೊರಮೈಯಲ್ಲಿ ಕಾಣಸಿಗುತ್ತವೆ. ಈ ಕಲೆ ಎಲ್ಲಕ್ಕಿಂತ ಹುಲುಸಾಗಿ ಬೆಳೆದದ್ದು ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ. ಚಿತ್ತಾರಗಳ ಅರ್ಥ ಹುಡುಕುವವರು ಆ ನಾಡಿನ ಕಾರ್ಖಾನೆ, ಕಲೆ, ಸ್ಮಶಾನ, ರಾಜಕೀಯ ನಾಲ್ಕನ್ನೂ ನೋಡಬೇಕಾಗುತ್ತದೆ.

ಹುಟ್ಟು

ಪೆಟ್ಟಿಗೆ ಬಂದದ್ದು ಅಂದಕ್ಕಲ್ಲ, ಅಗತ್ಯಕ್ಕೆ. 1839ರ ಆಗಸ್ಟ್ 19ರಂದು ಪ್ಯಾರಿಸಿನಲ್ಲಿ ಫ್ರಾಂಸ್ವಾ ಅರಾಗೊ ಜಗತ್ತಿನ ಮುಂದಿಟ್ಟ ಲೂಯಿ ಡಾಗೆರ್‌ನ ವಿಧಾನದಲ್ಲಿ ಚಿತ್ರ ಮೂಡುತ್ತಿದ್ದುದು ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ. ಬೆರಳು ಸೋಕಿದರೆ ಚಿತ್ರ ಅಳಿಸಿಹೋಗುತ್ತಿತ್ತು. ಗಾಳಿಗೆ ತೆರೆದಿಟ್ಟರೆ ಬೆಳ್ಳಿ ಕಪ್ಪಾಗುತ್ತಿತ್ತು. ಹಾಗಾಗಿ ತಗಡಿನ ಮೇಲೆ ಮ್ಯಾಟ್ ಎಂಬ ಹಿತ್ತಾಳೆಯ ಚೌಕಟ್ಟು, ಅದರ ಮೇಲೆ ಗಾಜು ಇಟ್ಟು ಅಂಚುಗಳಿಗೆ ಕಾಗದದ ಪಟ್ಟಿ ಅಂಟಿಸಿ ಬಿಗಿ ಮಾಡುತ್ತಿದ್ದರು. 1840ರ ದಶಕದ ಕೊನೆಯ ಹೊತ್ತಿಗೆ ಇದೆಲ್ಲವನ್ನೂ ಸುತ್ತಿ ಹಿಡಿಯುವ ತೆಳು ಹಿತ್ತಾಳೆಯ ಅಂಚು ಬಂತು. ಪ್ರಿಸರ್ವರ್ ಎಂದು ಅದರ ಹೆಸರು. ಈ ಕಟ್ಟು ಭದ್ರವಾಗಿ ಕೂರಲು ಒಂದು ಮನೆ ಬೇಕಿತ್ತು. ದಂತದ ಮೇಲೆ ಬರೆದ ಕಿರುಚಿತ್ರಗಳಿಗೆ ಅದಾಗಲೇ ಬಳಕೆಯಲ್ಲಿದ್ದ ಚರ್ಮದ ಪೆಟ್ಟಿಗೆ ಸುಲಭವಾಗಿ ಒದಗಿತು.

ಮೊದಲ ಹದಿನೈದು ವರ್ಷಗಳ ಪೆಟ್ಟಿಗೆಗಳು ಮರದವು. ಮೇಲೆ ತೆಳುವಾದ ಚರ್ಮದ ಹೊದಿಕೆ, ಅಗ್ಗದವಕ್ಕೆ ಚರ್ಮದಂತೆ ಕಾಣುವ ಕಾಗದ. ಅಮೆರಿಕದ ಅಂತರ್ಯುದ್ಧದ ಛಾಯಾಗ್ರಾಹಕನೆಂದು ಮುಂದೆ ಹೆಸರಾದ ಮ್ಯಾಥ್ಯೂ ಬ್ರೇಡಿ 1844ರಲ್ಲಿ ನ್ಯೂಯಾರ್ಕಿನಲ್ಲಿ ಸ್ಟುಡಿಯೋ ತೆರೆಯುವ ಮುಂಚೆ ಮಾಡುತ್ತಿದ್ದ ಕಸುಬು ಇಂಥ ಪೆಟ್ಟಿಗೆ ತಯಾರಿಕೆಯೇ. ಚರ್ಮದ ಮೇಲೆ ಒತ್ತಿದ ಅಚ್ಚು ಹೆಚ್ಚು ಆಳಕ್ಕಿಳಿಯುವುದಿಲ್ಲ. ಆದ್ದರಿಂದ ಆ ಕಾಲದ ಚಿತ್ತಾರಗಳು ಬಳ್ಳಿ, ಹೂಗುಚ್ಛ, ಜ್ಯಾಮಿತಿಯ ರೇಖೆಗಳ ಸುತ್ತಲೇ ಇವೆ. ಕಥೆ ಹೇಳುವ ದೃಶ್ಯಗಳಿಗೆ ಬೇರೆಯೇ ವಸ್ತು ಬೇಕಾಯಿತು.

ಅರಗಿನ ಪೆಟ್ಟಿಗೆ

ಆ ವಸ್ತುವನ್ನು ಕೊಟ್ಟವನು ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಊರಿನ ಸ್ಯಾಮ್ಯುಯೆಲ್ ಪೆಕ್. ಸ್ವತಃ ಡಾಗೆರೋಟೈಪ್ ತೆಗೆಯುತ್ತಿದ್ದ ಇವನಿಗೆ 1854ರ ಅಕ್ಟೋಬರ್ 3ರಂದು ಪೇಟೆಂಟ್ ಸಿಕ್ಕಿತು. ಅರಗು, ಮರದ ನಾರು ಮತ್ತು ಬಣ್ಣವನ್ನು ಬಿಸಿ ಉರುಳೆಗಳ ನಡುವೆ ಅರೆದು, ಆ ಮೆತ್ತನೆಯ ಮುದ್ದೆಯನ್ನು ಲೋಹದ ಅಚ್ಚಿಗಿಟ್ಟು ಒತ್ತಿ ತಣಿಸಿದರೆ ಕೂದಲೆಳೆಯಷ್ಟು ಸಣ್ಣ ಗೆರೆಯೂ ಚೊಕ್ಕವಾಗಿ ಮೂಡುತ್ತಿತ್ತು. ಇವೇ ಯೂನಿಯನ್ ಕೇಸ್‌ಗಳು. ಅಮೆರಿಕದಲ್ಲಿ ಪ್ಲಾಸ್ಟಿಕ್ ಮಾದರಿಯ ವಸ್ತುವಿನಿಂದ ಭಾರಿ ಪ್ರಮಾಣದಲ್ಲಿ ತಯಾರಾದ ಮೊದಮೊದಲ ಸರಕುಗಳಲ್ಲಿ ಒಂದು. ಹೆಸರಿನಲ್ಲಿರುವ ಯೂನಿಯನ್ ಸೂಚಿಸುವುದು ವಸ್ತುಗಳ ಬೆರಕೆಯನ್ನೇ ಹೊರತು ಅಂತರ್ಯುದ್ಧದ ಉತ್ತರ ಪಕ್ಷವನ್ನಲ್ಲ. ಪೇಟೆಯಲ್ಲಿ ಇವನ್ನು ಗಟಾಪರ್ಚಾ ಪೆಟ್ಟಿಗೆ ಎಂದು ಕರೆಯುವ ರೂಢಿ ಇನ್ನೂ ಇದೆ. ಅದು ತಪ್ಪು, ಗಟಾಪರ್ಚಾ ಎಂಬ ಮರದ ಹಾಲು ಇವುಗಳಲ್ಲಿಲ್ಲ.

ಈ ಕಥೆಗೂ ನಮ್ಮ ನೆಲಕ್ಕೂ ನಂಟಿರುವುದು ಇಲ್ಲಿಯೇ. 19ನೆಯ ಶತಮಾನದಲ್ಲಿ ಜಗತ್ತಿನ ಅರಗಿನ ಮುಖ್ಯ ಮೂಲ ಭಾರತ. ಪೂರ್ವ ಭಾರತದ ಕಾಡುಗಳಲ್ಲಿ ಕೀಟಗಳು ಕೊಂಬೆಗಳ ಮೇಲೆ ಕಟ್ಟುವ ಈ ರಾಳ ಕಲ್ಕತ್ತೆಯ ಬಂದರಿನಿಂದ ಹೊರದೇಶಗಳಿಗೆ ಹೋಗುತ್ತಿತ್ತು. ಚನ್ನಪಟ್ಟಣದ ಕುಶಲಕರ್ಮಿ ತಿರುಗುವ ಮರದ ಬೊಂಬೆಗೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಕಾವಿಗೆ ಕರಗಿ, ತಣಿದೊಡನೆ ಗಟ್ಟಿಯಾಗಿ ಹೊಳೆಯುವ ಗುಣ ಯಾವುದೋ, ಪೆಕ್ ನೆಚ್ಚಿಕೊಂಡದ್ದು ಅದೇ ಗುಣವನ್ನು.

ಪೆಕ್‌ನ ದೊಡ್ಡ ಪ್ರತಿಸ್ಪರ್ಧಿ ಆಲ್ಫ್ರೆಡ್ ಕ್ರಿಚ್ಲೋ. ಇಂಗ್ಲೆಂಡಿನಿಂದ ವಲಸೆ ಬಂದು ಮ್ಯಾಸಚೂಸೆಟ್ಸ್‌ನ ಫ್ಲಾರೆನ್ಸ್‌ನಲ್ಲಿ ನೆಲೆಸಿದ ಇವನು ಕೀಲಿನ ಕಡೆಗೆ ಗಮನ ಕೊಟ್ಟ. ಅರಗಿನ ಪೆಟ್ಟಿಗೆ ಗಟ್ಟಿಯಾದರೂ ಪೆಡಸು. ಕೀಲು ಕೂರುವ ಜಾಗದಲ್ಲೇ ಮುಕ್ಕಾಗುತ್ತಿತ್ತು. ಅಂಚನ್ನು ಒಳಗೂ ಹೊರಗೂ ಅಪ್ಪಿ ಹಿಡಿದು ರಿವೆಟ್ ಹೊಡೆದ ಕೀಲಿಗೆ ಅವನು 1856ರ ಅಕ್ಟೋಬರ್ 14ರಂದು ಪೇಟೆಂಟ್ ಪಡೆದ. ಅವನ ನಂತರ ಉದ್ಯಮ ಲಿಟಲ್‌ಫೀಲ್ಡ್, ಪಾರ್ಸನ್ಸ್ ಕಂಪನಿಯ ಕೈಸೇರಿತು. ವಾಟರ್‌ಬರಿಯಲ್ಲಿ ಹೋಮ್ಸ್, ಬೂತ್ ಅಂಡ್ ಹೇಡನ್ಸ್ ಎಂಬ ಹಿತ್ತಾಳೆ ಸಾಮಾನಿನ ಕಂಪನಿಯೂ ಪೆಟ್ಟಿಗೆ ತಯಾರಿಕೆಗೆ ಇಳಿಯಿತು.

ಅಚ್ಚು ಕೊರೆದವರು

ಉಕ್ಕಿನ ಅಚ್ಚನ್ನು ತಿರುವುಮುರುವಾಗಿ, ತಗ್ಗಿನಲ್ಲಿ ಕೊರೆಯುವುದು ನಾಣ್ಯ, ಪದಕ, ಗುಂಡಿಗಳ ಅಚ್ಚು ಮಾಡುವವರಿಗೆ ಗೊತ್ತಿದ್ದ ವಿದ್ಯೆ. ಫ್ರೆಡರಿಕ್ ಗೋಲ್, ಫ್ರೆಡರಿಕ್ ಸೈಲರ್, ಹೈರಮ್ ಹೇಡನ್, ನ್ಯೂಯಾರ್ಕಿನ ಸ್ಮಿತ್ ಅಂಡ್ ಹಾರ್ಟ್‌ಮನ್ ಇವರೆಲ್ಲ ಈ ಕ್ಷೇತ್ರದ ದೊಡ್ಡ ಹೆಸರುಗಳು. ಕೆಲವು ಪೆಟ್ಟಿಗೆಗಳಲ್ಲಿ ಚಿತ್ತಾರದ ಅಂಚಿನಲ್ಲಿ, ಬಂಡೆಯದೋ ಹುಲ್ಲಿನದೋ ಮರೆಯಲ್ಲಿ, ಇವರ ಹೆಸರು ಸೂಕ್ಷ್ಮ ಅಕ್ಷರಗಳಲ್ಲಿ ಸಿಗುತ್ತದೆ. ಭೂತಗನ್ನಡಿ ಹಿಡಿದು ಮೊದಲು ಹುಡುಕಬೇಕಾದದ್ದು ಅದನ್ನೇ.

ಈ ಕೆತ್ತನೆಗಾರರು ತಮ್ಮ ವಿಷಯಗಳನ್ನು ಆಗ ಮನೆಮಾತಾಗಿದ್ದ ವರ್ಣಚಿತ್ರಗಳಿಂದ, ಅವುಗಳ ಮುದ್ರಿತ ಪ್ರತಿಗಳಿಂದ ಧಾರಾಳವಾಗಿ ತೆಗೆದುಕೊಂಡರು. ಸೈಲರ್ ಕೊರೆದ ಕೊಲಂಬಸ್‌ನ ಆಗಮನದ ದೃಶ್ಯ ಜಾನ್ ವಾಂಡರ್ಲಿನ್‌ನದು. ಮೂಲ ವರ್ಣಚಿತ್ರ 1847ರಿಂದ ವಾಷಿಂಗ್ಟನ್ನಿನ ಕ್ಯಾಪಿಟಲ್ ಭವನದಲ್ಲಿದೆ. ಆರೂವರೆ ಅಂಗುಲಕ್ಕೆ ಎಂಟೂವರೆ ಅಂಗುಲದ ಪೂರ್ಣ ತಗಡಿಗಾಗಿ ಮಾಡಿದ ಈ ಪೆಟ್ಟಿಗೆ ಸಂಗ್ರಾಹಕರಿಗೆ ಅಪರೂಪದ ನಿಧಿ. ಕ್ಯಾಲ್ಮಡಿ ಮಕ್ಕಳ ಚಿತ್ರವಿರುವ ಪೆಟ್ಟಿಗೆಗೆ ಆಧಾರ ಇಂಗ್ಲೆಂಡಿನ ಥಾಮಸ್ ಲಾರೆನ್ಸ್ 1823ರಲ್ಲಿ ಬರೆದ ಇಬ್ಬರು ಹೆಣ್ಣುಮಕ್ಕಳ ಭಾವಚಿತ್ರ. ಹಫೇದ್ ಮತ್ತು ಹಿಂದಾ ಅಗಲುವ ದೃಶ್ಯದ ಪೆಟ್ಟಿಗೆ ಭಾರತೀಯ ಓದುಗರಿಗೆ ವಿಶೇಷ ಆಸಕ್ತಿಯದು. ಆ ಪ್ರೇಮಿಗಳು ಐರಿಷ್ ಕವಿ ಥಾಮಸ್ ಮೂರ್ 1817ರಲ್ಲಿ ಪ್ರಕಟಿಸಿದ 'ಲಾಲಾ ರೂಖ್' ಕಾವ್ಯದವರು. ಔರಂಗಜೇಬನ ಮಗಳು ದೆಹಲಿಯಿಂದ ಕಾಶ್ಮೀರಕ್ಕೆ ಮದುವೆಗೆಂದು ಹೊರಟಾಗ ದಾರಿಯಲ್ಲಿ ಕೇಳುವ ಕಥೆಗಳಲ್ಲಿ ಇವರದೂ ಒಂದು.

ಇಂಥ ಪೆಟ್ಟಿಗೆಯನ್ನು ಓದಲು ಸಂಕೇತಗಳ ಪಟ್ಟಿ ಸಾಲದು, ಕಥೆ ಗೊತ್ತಿರಬೇಕು. ಮೇಜರ್ ಆಂಡ್ರೆಯ ಸೆರೆ ಎಂಬ ಪೆಟ್ಟಿಗೆಯನ್ನು ನೋಡಿ. ಮರದಡಿ ನಿಂತ ಒಬ್ಬನನ್ನು ಮೂವರು ತಡೆದಿದ್ದಾರೆ. ಕಥೆ ಗೊತ್ತಿಲ್ಲದವರಿಗೆ ಇದು ದಾರಿಗಳ್ಳರ ದೃಶ್ಯದಂತೆ ತೋರಬಹುದು. ನಡೆದದ್ದು ಅಮೆರಿಕದ ಸ್ವಾತಂತ್ರ್ಯ ಯುದ್ಧದ ಹೊತ್ತಿನಲ್ಲಿ, 1780ರ ಸೆಪ್ಟೆಂಬರ್ 23ರಂದು, ನ್ಯೂಯಾರ್ಕ್ ರಾಜ್ಯದ ಟ್ಯಾರಿಟೌನ್ ಬಳಿ. ಬ್ರಿಟಿಷ್ ಅಧಿಕಾರಿ ಜಾನ್ ಆಂಡ್ರೆಯ ಬೂಟಿನೊಳಗೆ ವೆಸ್ಟ್ ಪಾಯಿಂಟ್ ಕೋಟೆಯನ್ನು ಒಪ್ಪಿಸುವ ಸಂಚಿನ ಕಾಗದಗಳು ಸಿಕ್ಕವು. ಅವನು ಕೊಡಬಂದ ಲಂಚವನ್ನು ಸಾಮಾನ್ಯ ರೈತಾಪಿ ಯುವಕರು ಒಲ್ಲೆವೆಂದರು ಎಂಬುದು ಅಮೆರಿಕನ್ನರ ಅಭಿಮಾನದ ನೆನಪು. ಆಶರ್ ಡ್ಯೂರಾಂಡ್ 1834ರಲ್ಲಿ ಇದನ್ನು ಚಿತ್ರಿಸಿದ. ಪೆಟ್ಟಿಗೆಯ ದೃಶ್ಯ ಅದನ್ನೇ ಅನುಸರಿಸಿದೆ. ಹೀಗಾಗಿ ಆ ಮುಚ್ಚಳದ ಅರ್ಥ ಬೇಹುಗಾರಿಕೆಯಲ್ಲ, ಬಡವರ ಪ್ರಾಮಾಣಿಕತೆ.

ಹೂವು, ಕಲಶ, ಜೇನುಗೂಡು

ಹೂಗಳಿಗೆ ಅರ್ಥ ಹಚ್ಚುವ ಹವ್ಯಾಸ ಆ ಕಾಲದಲ್ಲಿ ಪುಸ್ತಕಗಳಾಗಿಯೇ ಮಾರಾಟವಾಗುತ್ತಿತ್ತು. ಎಲಿಜಬೆತ್ ವರ್ಟ್‌ಳ ಹೂಗಳ ನಿಘಂಟು 1829ರಲ್ಲಿ, ಸಾರಾ ಹೇಲ್‌ಳ ಪುಸ್ತಕ 1832ರಲ್ಲಿ ಬಂದವು. ಗುಲಾಬಿಗೆ ಪ್ರೀತಿ, ಐವಿ ಬಳ್ಳಿಗೆ ನಿಷ್ಠೆ, ಓಕ್ ಎಲೆಗೆ ದೃಢತೆ ಎಂಬಂಥವು ಬಹುಮಟ್ಟಿಗೆ ಎಲ್ಲರೂ ಒಪ್ಪಿದ ಅರ್ಥಗಳು. ಅದರಾಚೆಗೆ ಪುಸ್ತಕದಿಂದ ಪುಸ್ತಕಕ್ಕೆ ಅರ್ಥ ಬದಲಾಗುತ್ತದೆ. ಹಾಗಾಗಿ ಒಂದೇ ನಿಘಂಟು ಹಿಡಿದು ತೀರ್ಪು ಕೊಡುವುದು ಸಲ್ಲದು.

ನನ್ನ ತಿಳಿವಳಿಕೆಯಲ್ಲಿ ಇದಕ್ಕಿಂತ ನಂಬಬಹುದಾದ ಆಕರ ಅದೇ ಕಾಲದ ಸಮಾಧಿ ಕಲ್ಲುಗಳು. ಅಮೆರಿಕದ ಈಶಾನ್ಯದ ನ್ಯೂ ಇಂಗ್ಲೆಂಡ್ ಪ್ರಾಂತದ ಸಮಾಧಿಗಳಲ್ಲಿ ತಲೆಬುರುಡೆ ಹಿಂದೆ ಸರಿದು, ರೆಕ್ಕೆಯ ಮುಖಗಳು ಬಂದು, 19ನೆಯ ಶತಮಾನದ ಆರಂಭಕ್ಕೆ ಕಲಶ ಮತ್ತು ಬಾಗಿದ ವಿಲೋ ಮರ ನೆಲೆಯೂರಿದ್ದವು. ಎಳೆಯ ಮಗುವಿನ ಕಲ್ಲಿಗೆ ಮುರಿದ ಗುಲಾಬಿ ಮೊಗ್ಗು ಅಥವಾ ಕುರಿಮರಿ. ಮಗು ತೀರಿಕೊಂಡಾಗ ಅದರ ಕೊನೆಯ, ಎಷ್ಟೋ ಬಾರಿ ಒಂದೇ ಒಂದು ಚಿತ್ರವನ್ನು ತೆಗೆಸಿ, ಕೂದಲಿನ ಎಳೆಯನ್ನೂ ಪೆಟ್ಟಿಗೆಯಲ್ಲಿಟ್ಟುಕೊಳ್ಳುವ ತಾಯಂದಿರಿದ್ದ ಕಾಲ ಅದು. ಆದರೂ ಕಲಶ ಕಂಡಲ್ಲೆಲ್ಲ ಸಾವನ್ನು ಕಾಣಬಾರದು. ಬಟ್ಟೆ ಹೊದ್ದ ಕಲಶ, ವಿಲೋ ಜೊತೆಗಿರುವ ಕಲಶ ಶೋಕದ್ದು. ಹೂವು ಹಣ್ಣು ತುಂಬಿ ಹೊರಸೂಸುವ ಕಲಶ ಗ್ರೀಕ್ ಮಾದರಿಯ ಅಲಂಕಾರವಷ್ಟೆ. ಅದು ಮನೆಯ ಬಾಗಿಲಲ್ಲೂ ಕುರ್ಚಿಯ ಬೆನ್ನಲ್ಲೂ ಇರುತ್ತಿತ್ತು. ಲಂಗರಿಗೂ ಇದೇ ಎಚ್ಚರ ಬೇಕು. ಬೈಬಲ್ಲಿನ ಇಬ್ರಿಯರಿಗೆ ಬರೆದ ಪತ್ರದಿಂದ ಬಂದ ಭರವಸೆಯ ಗುರುತು ಅದು. ಒಳಗಿನ ಚಿತ್ರದಲ್ಲಿರುವವನನ್ನು ಸಮವಸ್ತ್ರವಿಲ್ಲದೆ ನಾವಿಕನೆಂದು ಕರೆಯಲಾಗದು. ತೆನೆಗಳ ಅಂಚಿನ ನಡುವೆ ಕೂತ ಜೇನುಗೂಡು ದುಡಿಮೆ ಮತ್ತು ಮಿತವ್ಯಯದ ಸಂಕೇತ. 1840ರ ದಶಕದ ಕೊನೆಯಿಂದ ಯೂಟಾದ ಮಾರ್ಮನ್ ಪಂಥದವರು ಜೇನುಗೂಡನ್ನು ತಮ್ಮ ಗುರುತಾಗಿಸಿಕೊಂಡದ್ದು ನಿಜ. ಆದರೆ ಈ ಪೆಟ್ಟಿಗೆ ನ್ಯೂ ಇಂಗ್ಲೆಂಡಿನ ಕಾರ್ಖಾನೆಯದು, ಕೊಂಡವರು ದೇಶದ ತುಂಬ ಇದ್ದವರು.

ಸ್ವಾತಂತ್ರ್ಯದ ಟೋಪಿ

ಎಲ್ಲ ಚಿತ್ತಾರಗಳಲ್ಲೂ ಹೆಚ್ಚು ಬಿಸಿ ತುಂಬಿರುವುದು ಮೊನೆ ಮುಂದಕ್ಕೆ ಬಾಗಿದ ಮೆತ್ತನೆಯ ಟೋಪಿಯಲ್ಲಿ. ರೋಮಿನಲ್ಲಿ ಬಿಡುಗಡೆಯಾದ ಗುಲಾಮನಿಗೆ ತೊಡಿಸುತ್ತಿದ್ದ ಟೋಪಿಯ ನೆನಪು ಹೊತ್ತ ಇದು ಫ್ರಾನ್ಸಿನ ಕ್ರಾಂತಿಯಲ್ಲೂ ಅಮೆರಿಕದ ಬೆಳ್ಳಿ ನಾಣ್ಯದಲ್ಲೂ ಸ್ವಾತಂತ್ರ್ಯದ ಗುರುತಾಗಿತ್ತು. 1850ರ ದಶಕದ ಮಧ್ಯದಲ್ಲಿ ಶಿಲ್ಪಿ ಥಾಮಸ್ ಕ್ರಾಫರ್ಡ್ ಕ್ಯಾಪಿಟಲ್ ಗುಮ್ಮಟದ ಸ್ವಾತಂತ್ರ್ಯ ದೇವಿಗೆ ಈ ಟೋಪಿ ಹಾಕಿದಾಗ, ಆಗಿನ ಯುದ್ಧ ಕಾರ್ಯದರ್ಶಿ ಜೆಫರ್ಸನ್ ಡೇವಿಸ್ ಒಪ್ಪಲಿಲ್ಲ. ಅದು ಬಿಡುಗಡೆಯಾದ ಗುಲಾಮರ ಟೋಪಿ ಎಂಬುದೇ ಅವನ ತಕರಾರು. ಕ್ರಾಫರ್ಡ್ ಅದನ್ನು ತೆಗೆದು, ಹದ್ದಿನ ತಲೆ ಮತ್ತು ಗರಿಗಳ ಶಿರಸ್ತ್ರಾಣ ಇಟ್ಟ. ಡೇವಿಸ್ ಮುಂದೆ ದಕ್ಷಿಣದ ಒಕ್ಕೂಟದ ಅಧ್ಯಕ್ಷನಾದ. ಇದು ತಿಳಿದ ಮೇಲೆ, 1861ರಿಂದ 1865ರ ಯುದ್ಧದ ಹೊತ್ತಿನ ಪೆಟ್ಟಿಗೆಗಳಲ್ಲಿ ಅಡ್ಡಲಾಗಿ ಇಟ್ಟ ಫಿರಂಗಿಗಳ ಜೊತೆ ಆ ಟೋಪಿ ಕಂಡಾಗ ಅದನ್ನು ಬರಿಯ ಅಲಂಕಾರವೆಂದು ದಾಟಿಹೋಗುವುದು ಕಷ್ಟ. ಪೆಟ್ಟಿಗೆಯೊಳಗೆ ಸೈನಿಕನ ಮುಖದ ಸುತ್ತಲಿನ ಹಿತ್ತಾಳೆಯ ಮ್ಯಾಟ್‌ನಲ್ಲೂ ಧ್ವಜ, ಹದ್ದು, ಫಿರಂಗಿಗಳು ಮೂಡಿದವು.

ಅದೇ ಕ್ರಾಫರ್ಡ್ ರೂಪಿಸಿದ, ರಿಚ್ಮಂಡ್ ನಗರದ ಕುದುರೆಯೇರಿದ ವಾಷಿಂಗ್ಟನ್ ಪ್ರತಿಮೆ 1858ರ ಫೆಬ್ರವರಿ 22ರಂದು ಅನಾವರಣಗೊಂಡಿತು. ಕನೆಕ್ಟಿಕಟ್ಟಿನ ಹೈರಮ್ ಹೇಡನ್ ಅದನ್ನು ದೊಡ್ಡ ಪೆಟ್ಟಿಗೆಯೊಂದರ ಮೇಲೆ ಕೊರೆದ. ಕೆಲವೇ ವರ್ಷಗಳಲ್ಲಿ, 1862ರ ಅದೇ ಫೆಬ್ರವರಿ 22ರಂದು, ಡೇವಿಸ್ ಆ ಪ್ರತಿಮೆಯ ಬುಡದಲ್ಲೇ ಪ್ರಮಾಣವಚನ ಸ್ವೀಕರಿಸಿದ. ದಕ್ಷಿಣದ ಒಕ್ಕೂಟದ ಮುದ್ರೆಯಲ್ಲೂ ಅದೇ ಕುದುರೆ ಸವಾರ ಬಂದ. ಉತ್ತರದ ಕಾರ್ಖಾನೆ ಮಾಡಿದ ಚಿತ್ತಾರವೇ ದಕ್ಷಿಣದ ಲಾಂಛನವೂ ಆಯಿತು. ಹಾಗಿರುವಾಗ ಮುಚ್ಚಳದ ಮೇಲೆ ವಾಷಿಂಗ್ಟನ್ ಇದ್ದಾನೆಂದು ಕೊಂಡವನ ಪಕ್ಷವನ್ನು ಹೇಳಲು ಬರುವುದಿಲ್ಲ.

ಓದಿನ ಮಿತಿ

ಇವು ಒಬ್ಬೊಬ್ಬರಿಗಾಗಿ ಮಾಡಿಸಿದ ವಸ್ತುಗಳಲ್ಲ. ಒಂದೇ ಅಚ್ಚಿನಿಂದ ಬಹಳಷ್ಟು ಪೆಟ್ಟಿಗೆಗಳು ಹೊರಬರುತ್ತಿದ್ದವು. ಸಗಟು ವ್ಯಾಪಾರಿಗಳಿಂದ ಸ್ಟುಡಿಯೋ ತರಿಸಿಟ್ಟುಕೊಂಡದ್ದರಲ್ಲೇ ಗಿರಾಕಿ ಆರಿಸಿಕೊಳ್ಳಬೇಕಿತ್ತು. ಶೋಕದ ಚಿತ್ರ ಉಲ್ಲಾಸದ ಪೆಟ್ಟಿಗೆಯಲ್ಲಿ ಇರುವುದೂ ಉಂಟು. ಅದಕ್ಕಿಂತ ದೊಡ್ಡ ತೊಡಕು, ಚಿತ್ರಗಳೆಲ್ಲ ಗೊತ್ತಾದ ಕೆಲವೇ ಅಳತೆಗಳಲ್ಲಿ ಇದ್ದದ್ದರಿಂದ ಒಂದು ಪೆಟ್ಟಿಗೆಯ ಚಿತ್ರ ಇನ್ನೊಂದರಲ್ಲಿ ಸಲೀಸಾಗಿ ಕೂರುತ್ತದೆ. ಮುರಿದ ಪೆಟ್ಟಿಗೆಯಿಂದ ಒಳ್ಳೆಯದಕ್ಕೆ ವರ್ಗಾಯಿಸುವ ಕೆಲಸವನ್ನು ಮನೆಯವರೂ ಮಾಡಿದ್ದಾರೆ, ಹಳೆಸಾಮಾನಿನ ವ್ಯಾಪಾರಿಗಳೂ ಮಾಡಿದ್ದಾರೆ. ಆದ್ದರಿಂದ ಚಿತ್ತಾರಕ್ಕೂ ಮುಖಕ್ಕೂ ಸಂಬಂಧ ಕಲ್ಪಿಸುವ ಮುನ್ನ ಎರಡೂ ಒಂದೇ ಕಾಲದವೇ ಎಂದು ನೋಡಬೇಕು. ಪ್ರಿಸರ್ವರ್ ಇಲ್ಲದ, ಸಾದಾ ಅಷ್ಟಕೋನದ ದಪ್ಪ ಮ್ಯಾಟ್‌ನ ಡಾಗೆರೋಟೈಪ್ 1840ರ ದಶಕದ್ದಿರಬಹುದು. ಅದು 1856ರ ಪೇಟೆಂಟ್ ಕೀಲಿರುವ ಪೆಟ್ಟಿಗೆಯಲ್ಲಿ ಕೂತಿದ್ದರೆ ನಂತರ ಸೇರಿಸಿದ್ದು. ಚಿತ್ರದ ಹಿಂದೆ, ಪೆಟ್ಟಿಗೆಯ ತಳದಲ್ಲಿ, ಎಷ್ಟೋ ಸಲ ತಯಾರಕರ ಮುದ್ರಿತ ಚೀಟಿ ಇರುತ್ತದೆ. ಪೇಟೆಂಟ್ ದಿನಾಂಕಗಳು ಅದರಲ್ಲೇ ಸಿಗುತ್ತವೆ. ಮೆತ್ತೆಯ ಮೇಲೆ ಒತ್ತಿದ ಸ್ಟುಡಿಯೋ ಹೆಸರು ಪೆಟ್ಟಿಗೆಯ ಸಾಕ್ಷಿಯೇ ಹೊರತು ಚಿತ್ರದ್ದಲ್ಲ. ಇವನ್ನು ನೋಡುವ ಭರದಲ್ಲಿ ಡಾಗೆರೋಟೈಪನ್ನು ಒರೆಸಬಾರದು, ಅರಗಿನ ಪೆಟ್ಟಿಗೆಗೆ ಸ್ಪಿರಿಟ್ ಸೋಕಿಸಬಾರದು. ಆಲ್ಕೋಹಾಲಿನಲ್ಲಿ ಅರಗು ಕರಗುತ್ತದೆ.

ಈ ಚಿತ್ತಾರಗಳ ಅಧ್ಯಯನಕ್ಕೆ ತಳಹದಿ ಹಾಕಿದ್ದು ಫ್ಲಾಯ್ಡ್ ಮತ್ತು ಮೇರಿಯನ್ ರೈನ್‌ಹಾರ್ಟ್ ದಂಪತಿ 1969ರಲ್ಲಿ ಹೊರತಂದ ಗ್ರಂಥ. ಯೂನಿಯನ್ ಕೇಸ್‌ಗಳಿಗೆಂದೇ ಕ್ರೇನಿಕ್ ದಂಪತಿ ಮತ್ತು ಕಾರ್ಲ್ ವಾಲ್ವೋರ್ಡ್ 1988ರಲ್ಲಿ ಕೈಪಿಡಿ ಸಿದ್ಧಪಡಿಸಿದರು. ಯುದ್ಧಕಾಲದ ಚಿತ್ರಗಳನ್ನು ಪೆಟ್ಟಿಗೆಸಮೇತ ನೋಡಬಯಸುವವರಿಗೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಲಿಲ್ಯೆನ್‌ಕ್ವಿಸ್ಟ್ ಸಂಗ್ರಹ ಸಮೃದ್ಧವಾದದ್ದು.

ಪೆಟ್ಟಿಗೆಯ ಕಾಲವನ್ನು ಮುಗಿಸಿದ್ದು ಕಾಗದ. 1854ರಲ್ಲಿ ಫ್ರಾನ್ಸಿನ ಡಿಸ್ಡೇರಿ ಪೇಟೆಂಟ್ ಪಡೆದ ಕಾರ್ಟ್ ದ ವಿಸಿಟ್ ಎಂಬ ಕಾಗದದ ಕಿರುಚಿತ್ರ 1860ರ ದಶಕದಲ್ಲಿ ಅಮೆರಿಕವನ್ನು ಆವರಿಸಿತು. ಅದಕ್ಕೆ ಬೇಕಾದದ್ದು ಆಲ್ಬಮ್, ಪೆಟ್ಟಿಗೆಯಲ್ಲ. ಲಿಟಲ್‌ಫೀಲ್ಡ್, ಪಾರ್ಸನ್ಸ್ ಕಂಪನಿ 1866ರಲ್ಲಿ ಫ್ಲಾರೆನ್ಸ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಎಂದು ಹೆಸರು ಬದಲಿಸಿಕೊಂಡು ಬ್ರಷ್ಷುಗಳ ತಯಾರಿಕೆಯಲ್ಲಿ ಮುಂದುವರಿಯಿತು.